ನಿಧಾನ ಮಾಡಿದ ತಮಟೆ

ತಮಟೆಯನ್ನು ಬಡಿಯುವ ಮೊದಲು ಸುಡಬೇಕು. ಸುಡದೆ ಬಡಿದರೆ ಅದು ನೆಂದ ಗೋಣಿಚೀಲದ ಹಾಗೆ ಬೊದ್ ಬೊದ್ ಅನ್ನುತ್ತದೆ, ಎದೆಗೆ ತಾಗುವುದಿಲ್ಲ. ಹಲಸೂರಿನ ನಮ್ಮ ಸ್ಟುಡಿಯೋದ ಹಿಂದಿನ ಗಲ್ಲಿಯಲ್ಲಿ ತಾತ ಹಳೇ ಪೇಪರು ಗುಡ್ಡೆ ಹಾಕಿ ಬೆಂಕಿ ಹಚ್ಚಿ, ಚರ್ಮವನ್ನು ಉರಿಗೆ ಹಿಡಿದು, ಬೆರಳ ಗೆಣ್ಣಿನಿಂದ ಕುಟ್ಟಿ ಕುಟ್ಟಿ ಕೇಳುತ್ತಿದ್ದ. ಮೇಲಿನ ಮನೆಯ ಹೆಂಗಸು ಕಿಟಕಿಯಿಂದ ತಮಿಳಿನಲ್ಲಿ ಅವನ ಏಳು ತಲೆಮಾರನ್ನು ಬಯ್ಯುತ್ತಿದ್ದಳು.

"ಏನ್ ತಾತ, ಬೀದಿ ಸುಟ್ಬಿಡ್ತೀಯಾ?" ಅಂದೆ.

"ನಿನ್ ಮಿಷಿನ್ ಬಿಸಿ ಆಗ್ಬೇಕಂದ್ರೆ ಸ್ವಿಚ್ ಹಾಕ್ತೀಯ ರಾಜಾ. ನನ್ನದಕ್ಕೆ ಸ್ವಿಚ್ ಎಲ್ಲೈತೆ?"

ತಾತ ನನ್ನ ಸಂಬಂಧಿಕನಲ್ಲ. ಹಲಸೂರು ಕೆರೆಯ ಹಿಂದಿನ ಸಾಲು ಮನೆಗಳಲ್ಲಿದ್ದ. ಇಡೀ ಬೀದಿಯೇ ಅವನನ್ನು ತಾತ ಅನ್ನುತ್ತಿತ್ತು. ಸಾವಿಗೆ, ಅಮ್ಮನ ಹಬ್ಬಕ್ಕೆ, ಎಲೆಕ್ಷನ್ ಗೆದ್ದವರ ಮೆರವಣಿಗೆಗೆ, ಎಲ್ಲಕ್ಕೂ ಅವನದೇ ಕೈ. ಎಡಗೈಯಲ್ಲಿ ಉದ್ದನೆಯ ಬಿದಿರ ಸೀಳು, ಬಲಗೈಯಲ್ಲಿ ಗೇಣುದ್ದದ ದಪ್ಪ ಕೋಲು. ಸೀಳು ಚುರುಗುಟ್ಟುತ್ತದೆ, ಕೋಲು ಹೊಡೆಯುತ್ತದೆ. ಅವತ್ತು ಹಬ್ಬದ ಬಡಿತ ರೆಕಾರ್ಡ್ ಮಾಡಲು ಮೈಕಿನ ಮುಂದೆ ಅವನು ಮೊದಲ ಪೆಟ್ಟು ಹಾಕಿದಾಗ ನನ್ನ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ಕೂತುಬಿಟ್ಟಿತು. ಅದೇ ಮೊದಲ ಪೆಟ್ಟಿನ ಜೊತೆಯಲ್ಲೇ ತಾತ ಕೆಮ್ಮಿದ ಕೂಡ.

"ಕೆಮ್ಮೂ ಸೇರ್ಕೊಂಡ್ತಾ ರಾಜಾ?"

"ಕತ್ತರಿಸ್ತೀನಿ ಬಿಡು."

"ಆಸ್ಪತ್ರೆಯೋರ ಕೈಲಿ ಆಗ್ಲಿಲ್ಲ, ನೀನು ಕತ್ತರಿಸ್ತೀಯಾ!" ಎಂದು ನಕ್ಕ. ನಕ್ಕಿದ್ದಕ್ಕೆ ಇನ್ನಷ್ಟು ಕೆಮ್ಮು ಬಂತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೇಷ್ಟ್ರು ನನ್ನ ತಲೆಗೆ ಎಸೆದ ಡಸ್ಟರನ್ನು ಹಿಡಿದು ವಾಪಸ್ ಎಸೆದೆ; ಮಾರನೇ ದಿನ ಹೋಗಲಿಲ್ಲ. ಶಿವಾಜಿನಗರದಲ್ಲಿ ಮೈಕ್‌ಸೆಟ್ ಬಾಡಿಗೆ ಕೊಡುವ ಅಂಗಡಿಗೆ ಸೇರಿದೆ. ಅಲ್ಲಿ ವೈರು ತಪ್ಪು ಜೋಡಿಸಿದರೆ ಕರೆಂಟು ಹೊಡೆಯುತ್ತಿತ್ತು, ಸರಿಯಾಗಿ ಜೋಡಿಸಿದರೂ ಓನರ್ ಹೊಡೆಯುತ್ತಿದ್ದ. ಎಂಬತ್ತು ಕೆಜಿ ಸ್ಪೀಕರ್ ಬಾಕ್ಸನ್ನು ಬೆನ್ನ ಮೇಲೆ ಹೊತ್ತು ಕಮರ್ಷಿಯಲ್ ಸ್ಟ್ರೀಟಿನ ಮೆಟ್ಟಿಲು ಹತ್ತಿದ್ದೇನೆ. ಅಲ್ಲಿಂದ ಹಲಸೂರಿನ ಸ್ಟುಡಿಯೋಗೆ ಬಂದೆ. ಇಲ್ಲಿನ ಓನರ್ ಒಂದು ಕಾಲದಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಟೇಪು ಹೋಗಿ ಕಂಪ್ಯೂಟರು ಬಂದಾಗ ಅವರು ಅದನ್ನು ಮುಟ್ಟಲು ಹೆದರಿದರು. ನಾನು ಹೆದರಲಿಲ್ಲ. ಬರೆದಿದ್ದ ಇಂಗ್ಲಿಷು ಅರ್ಥವಾಗದಿದ್ದರೆ ಗುಂಡಿ ಒತ್ತಿ ನೋಡುತ್ತಿದ್ದೆ. ಏನಾದರೂ ಕೆಟ್ಟರೆ ಕೆಟ್ಟದ್ದು ಎಲ್ಲಿ ಎಂದು ಕಿವಿಯೇ ಹೇಳುತ್ತಿತ್ತು.

ಕಂಪ್ಯೂಟರಿನಲ್ಲಿ ಸದ್ದು ಒಂದು ಬಣ್ಣದ ಪಟ್ಟಿಯಾಗಿ ಕಾಣುತ್ತದೆ. ಅದಕ್ಕೆ ಕ್ಲಿಪ್ ಅನ್ನುತ್ತಾರೆ. ಅದರ ಮೇಲೆ ಎರಡು ಸಲ ಒತ್ತಿದರೆ ಕೆಳಗೆ ಒಂದು ಸಣ್ಣ ಕಿಟಕಿ ತೆರೆದುಕೊಳ್ಳುತ್ತದೆ. ಆ ಕಿಟಕಿಯೊಳಗೆ ಆ ಸದ್ದಿನ ಕತ್ತು ನಿಮ್ಮ ಕೈಯಲ್ಲಿರುತ್ತದೆ. ಎಲ್ಲಿಂದ ಶುರುವಾಗಬೇಕು, ಎಲ್ಲಿ ಸಾಯಬೇಕು, ಎಷ್ಟು ಜೋರು, ಎಷ್ಟು ದಪ್ಪ, ಸುತ್ತಿ ಸುತ್ತಿ ಬರಬೇಕೋ, ಹಿಂದುಮುಂದಾಗಿ ಬರಬೇಕೋ, ಎಲ್ಲವನ್ನೂ ಹೇಳಬಹುದು. ಇನ್ನೊಂದು ಗುಂಡಿ ಇದೆ. ಅದನ್ನು ಒತ್ತದಿದ್ದರೆ ಕ್ಲಿಪ್ ತನ್ನ ಸ್ವಂತ ವೇಗದಲ್ಲಿ ಹೋಗುತ್ತದೆ. ಒತ್ತಿದರೆ ಇಡೀ ಹಾಡಿನ ವೇಗಕ್ಕೆ ತಲೆ ಬಾಗಿಸುತ್ತದೆ; ಹಾಡು ಓಡಿದರೆ ಓಡುತ್ತದೆ, ಹಾಡು ತೆವಳಿದರೆ ತೆವಳುತ್ತದೆ. ಚರ್ಮವನ್ನು ಎಳೆದು ಮೊಳೆ ಹೊಡೆದ ಹಾಗೆ ಸದ್ದನ್ನು ಎಳೆಯಬಹುದು. ಎಷ್ಟು ಎಳೆದರೂ ಕೂಗಿಕೊಳ್ಳುವುದಿಲ್ಲ.

ತಾತನ ತಮಟೆಯನ್ನು ಹಾಗೆ ಕತ್ತರಿಸಿ ಇಟ್ಟುಕೊಂಡೆ. ಕೆಮ್ಮು ಮೊದಲ ಪೆಟ್ಟಿಗೇ ಅಂಟಿಕೊಂಡಿತ್ತು, ಎರಡನ್ನೂ ಬೇರೆ ಮಾಡಲಾಗಲಿಲ್ಲ. ಶುರುವಿನ ಗೆರೆಯನ್ನು ಮುಂದಕ್ಕೆ ಸರಿಸಿ ಎರಡನೇ ಪೆಟ್ಟಿನಿಂದ ಆರಂಭಿಸಿದೆ. ಓಡುವ ಬಡಿತದಲ್ಲಿ ಒಂದು ಪೆಟ್ಟು ಹೋದದ್ದು ಯಾರಿಗೂ ತಿಳಿಯುವುದಿಲ್ಲ, ತಾತನಿಗೂ ತಿಳಿಯಲಿಲ್ಲ.

ಆ ವರ್ಷ ಗಣೇಶನ ಹಬ್ಬಕ್ಕೆ ಮುಂಚೆ ಕಗ್ಗದಾಸಪುರದ ಕಡೆಯಿಂದ ಒಬ್ಬ ಬಂದ. ಅಲ್ಲಿನ ಹಳೇ ಊರಿನ ಯಜಮಾನರ ಮಗ. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳ ಮೇಲೆ ಬಾಡಿಗೆ ಮನೆಗಳು ಎದ್ದು, ಅವನ ಮಣಿಕಟ್ಟಿನ ಮೇಲೆ ಬೆರಳು ದಪ್ಪದ ಬೆಳ್ಳಿ ಕಡಗವಾಗಿ ಕೂತಿದ್ದವು. ಅವನ ಜೊತೆ ಮೂರು ನಾಲ್ಕು ಜನ ಸದಾ ಇರುತ್ತಿದ್ದರು. ಅವನು ನಕ್ಕರೆ ನಗುವವರು.

"ಗುರು, ಪಕ್ಕದ ಬೀದಿಯೋರು ಟ್ರಾಕ್ಟರ್ ತುಂಬಾ ಬಾಕ್ಸ್ ಕಟ್ಟವ್ರೆ. ನಮ್ ಸದ್ದಿಗೆ ಅವ್ರ ಬಾಕ್ಸ್ ಹರಿದೋಗ್ಬೇಕು. ಕಿವೀಲಿ ರಕ್ತ ಬರ್ಬೇಕು ನನ್ಮಕ್ಳಿಗೆ."

"ತಮಟೆಯವ್ರನ್ನ ಕರೆಸಲ್ವಾ?" ಎಂದು ಓನರ್ ಕೇಳಿದರು.

"ಅವ್ರ ಸಹವಾಸ ಬೇಡ ಸಾರ್. ಹೋದ್ವರ್ಷ ಊಟಕ್ಕೆ ನಮ್ ಜೊತೆ ಸಾಲಲ್ಲೇ ಕೂತ್ಕೋತೀವಿ ಅಂದ್ರು. ನಾಲಕ್ ಬಿಟ್ಟು ಓಡ್ಸಿದ್ವಿ." ಅವನ ಹಿಂದಿದ್ದವರು ನಕ್ಕರು. "ನಿಮ್ ಕಂಪ್ಯೂಟರ್‌ದು ಊಟ ಕೇಳಲ್ವಲ್ಲ."

ಹಾಗೆ ಓಡಿಸಿಕೊಂಡವರಲ್ಲಿ ತಾತನೂ ಒಬ್ಬ. ಅವನ ಬೆನ್ನ ಮೇಲಿನ ಬಾಸುಂಡೆ ನಾನೇ ನೋಡಿದ್ದೆ. ನನ್ನ ಹತ್ತಿರ ಇರುವ ಬಡಿತ ಯಾರದು ಎಂದು ಯಜಮಾನರ ಮಗ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಓಡಿಸಿದ ಕೈಯೇ ಅವರ ಗಣೇಶನ ಮುಂದೆ ಬಡಿಯುತ್ತದೆ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು.

ಟ್ರ್ಯಾಕ್ ಕಟ್ಟುವಾಗ ಅವನು ನನ್ನ ಕುರ್ಚಿಗೆ ಕುರ್ಚಿ ತಾಗಿಸಿ ಕೂತ. ತಮಟೆಯ ಕ್ಲಿಪ್ ತೆರೆದು ಜೋರು ಹೆಚ್ಚಿಸಿದೆ. "ಇನ್ನೂ" ಅಂದ. ಹೆಚ್ಚಿಸಿದೆ. "ಇನ್ನೂ ಗುರು, ಭಯ ಪಡ್ತೀಯಾ?" ಸ್ವರ ಎರಡು ಮೆಟ್ಟಿಲು ಕೆಳಗಿಳಿಸಿ ದಪ್ಪ ಮಾಡಿದೆ. ಗಾಜು ನಡುಗಿತು. ಅವನ ಮುಖ ಅರಳಿತು. ಆಮೇಲೆ ಅವನಿಗೆ ಇನ್ನೊಂದು ಹೊಳೆಯಿತು.

"ಕೆರೆ ಏರಿ ಮೇಲೆ ನಮ್ಮಪ್ಪ ಆರತಿ ಎತ್ತುತಾರೆ. ಆಗ ಸ್ಲೋ ಮಾಡು. ಗತ್ತಿರ್ಬೇಕು. ರಾಜ ಬಂದಂಗಿರ್ಬೇಕು."

ಹಾಡಿನ ವೇಗವನ್ನು ಅರ್ಧಕ್ಕೆ ಇಳಿಸಿದೆ. ತಮಟೆಯ ಕ್ಲಿಪ್ ಹಾಡಿನ ವೇಗಕ್ಕೆ ತಲೆ ಬಾಗಿಸಿತು. ಡಂಡಣಕ ಡಂಡಣಕ ಎಂದು ಓಡುತ್ತಿದ್ದುದು ಡಣ್... ಡಣ್... ಡಂ ಎಂದು ನಡೆಯತೊಡಗಿತು. "ಇದು! ಇದು ಬೇಕಿತ್ತು ನೋಡು!" ಎಂದು ಅವನು ನನ್ನ ತೊಡೆಗೆ ಹೊಡೆದ. ಓನರ್ ಕಣ್ಣು ಮುಚ್ಚಿ, "ಭಕ್ತಿ ಬಂತು" ಅಂದರು. ನನಗೂ ಗಂಭೀರವಾಗಿಯೇ ಕೇಳಿಸಿತು. ಮೂವರೂ ಕೇಳಿ ಮೂವರೂ ಒಪ್ಪಿದ ಸದ್ದು ಅದು. ನಮ್ಮ ಹಲಸೂರು ಕಡೆ ಹೆಣದ ಮುಂದೆಯೂ ಕುಣಿಯುವ ಬಡಿತವೇ, ಪಟಾಕಿಯೇ. ನಿಧಾನದ ಬಡಿತಕ್ಕೆ ಬೇರೆ ಅರ್ಥವಿದೆ ಎಂದು ನಾನು ಹುಟ್ಟಿದ ಬೀದಿ ನನಗೆ ಕಲಿಸಿರಲಿಲ್ಲ.

ಮೆರವಣಿಗೆಯ ದಿನ ಲಾರಿಯ ಮೇಲೆ ನಾನೇ ಇದ್ದೆ, ಬಾಕ್ಸುಗಳ ಹಿಂದೆ. ಸಂಜೆ ಬಿಸಿಲಿತ್ತು. ಹುಡುಗರು ಅಂಗಿ ಬಿಚ್ಚಿ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಪಕ್ಕದ ಬೀದಿಯ ಟ್ರಾಕ್ಟರು ಎದುರಾದಾಗ ಎರಡು ಸದ್ದು ಗುದ್ದಾಡಿದವು, ನಮ್ಮದು ಗೆದ್ದಿತು. ಒಬ್ಬನ ಹಣೆ ಒಡೆದಿತ್ತು, ಅವನಿಗೇ ಗೊತ್ತಿರಲಿಲ್ಲ, ಬಾಯಿಗಿಳಿದ ರಕ್ತವನ್ನು ನೆಕ್ಕಿಕೊಂಡು ಕುಣಿಯುತ್ತಿದ್ದ.

ಕೆರೆ ಏರಿಯ ಮೇಲೆ ಲಾರಿ ನಿಂತಿತು. ಯಜಮಾನರು ಬಿಳಿ ಪಂಚೆ, ಹೆಗಲ ಮೇಲೆ ಟವಲ್ಲು, ಕೊರಳಲ್ಲಿ ಸೇವಂತಿಗೆ ಹಾರ ಹಾಕಿಕೊಂಡು ಆರತಿ ತಟ್ಟೆ ಎತ್ತಿದರು. ಹೇಳಿದ್ದ ಹಾಗೆ ಹಾಡು ನಿಧಾನವಾಯಿತು. ಡಣ್... ಡಣ್... ಡಂ.

ಹುಡುಗರು ಕೈ ಮೇಲೆತ್ತಿ ಹಾಗೇ ತೂಗತೊಡಗಿದರು. ಆದರೆ ಏರಿಯ ಪಕ್ಕ ಕೂತಿದ್ದ ಮುದುಕಿಯರು ಎದ್ದು ನಿಂತರು. ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಇನ್ನೊಬ್ಬಳು ಅಭ್ಯಾಸಬಲದಿಂದಲೋ ಏನೋ, ಎದೆ ಬಡಿದುಕೊಂಡು, "ಅಯ್ಯೋ ನಮ್ಮಪ್ಪಾ, ಯಾರು ಹೋದ್ರೋ!" ಎಂದು ರಾಗ ತೆಗೆದಳು. ಹೂವಿನ ಹಾರ ಹಾಕಿಕೊಂಡು, ನೂರಾರು ಜನರ ನಡುವೆ, ಮುಖಕ್ಕೆ ದೀಪ ಹಿಡಿದುಕೊಂಡು ನಿಂತಿದ್ದವರು ಒಬ್ಬರೇ. ಎಲ್ಲರೂ ಅವರನ್ನೇ ನೋಡಿದರು.

ಯಜಮಾನರ ಕೈಯಿಂದ ತಟ್ಟೆ ಬಿತ್ತು. ಕರ್ಪೂರ ಉರಿಯುತ್ತಲೇ ಅವರ ಪಾದದ ಮೇಲೆ ಬಿತ್ತು. ಅವರು ಕಾಲು ಕೊಡವಲಿಲ್ಲ. ಕೊರಳ ಹಾರವನ್ನು ಕಿತ್ತೆಸೆದು, "ನಿಲ್ಸ್ರೋ! ನನ್ನ ಹೆಣ ಎತ್ತುತಾವ್ರೆ, ನಿಲ್ಸ್ರೋ!" ಎಂದು ಕಿರುಚಿದರು. ನಾನು ಪ್ಲಗ್ಗನ್ನೇ ಕಿತ್ತೆ. ಆ ನಿಶ್ಶಬ್ದದಲ್ಲಿ ಯಾರೋ ಲಾರಿ ಡ್ರೈವರನ್ನು ಕೆಳಗೆಳೆದು ತುಳಿಯತೊಡಗಿದರು. ಅವನೇನು ಮಾಡಿದ್ದನೋ ದೇವರೇ ಬಲ್ಲ. ನಾನು ಬಾಕ್ಸುಗಳ ಹಿಂದಿನಿಂದ ಹಾರಿ ಕೆರೆಯ ಅಂಚಿನಲ್ಲಿ ನಡೆದು ಮನೆ ಸೇರಿದೆ.

ಮಾರನೇ ಬೆಳಿಗ್ಗೆ ಸ್ಟುಡಿಯೋ ಬಾಗಿಲಲ್ಲಿ ಚಪ್ಪಲಿ ಬಿಡದೆ ಯಜಮಾನರ ಮಗನೂ ಅವನ ಜೊತೆಯವರೂ ಒಳಗೆ ಬಂದರು. ಮೊದಲ ಪೆಟ್ಟು ನನ್ನ ಬಾಯಿಗೆ ಬಿತ್ತು. ಕಡಗ ಹಲ್ಲಿಗೆ ತಾಗಿದ ಸದ್ದು ತಲೆಯೊಳಗೆ ಕೇಳಿಸಿತು. ಎರಡು ಹಲ್ಲು ನಾಲಿಗೆಯ ಮೇಲೆ ಬಂದು ಕೂತವು. ಬಿದ್ದವನ ಪಕ್ಕೆಗೆ ಒದ್ದರು. ಓನರ್ ಮೂಲೆಯಲ್ಲಿ ಕೈ ಮುಗಿದು ನಿಂತು, "ಕಂಪ್ಯೂಟರ್‌ದು ಮಿಸ್ಟೇಕ್ ಸಾರ್, ಕಂಪ್ಯೂಟರ್‌ದು" ಅನ್ನುತ್ತಿದ್ದರು. ಕಣ್ಣು ತೆರೆದು ನೋಡಿದರೆ ಇಬ್ಬರು ತಾತನನ್ನು ಕುತ್ತಿಗೆ ಪಟ್ಟಿ ಹಿಡಿದು ಎಳೆತಂದಿದ್ದರು. ಸಾಲು ಮನೆಗಳಲ್ಲಿ ವಿಚಾರಿಸಿದ್ದರು. ಸ್ಟುಡಿಯೋಗೆ ಬಡಿದವನು ಯಾರು ಎಂದು ತಿಳಿಯಲು ಕಷ್ಟವೇನಿರಲಿಲ್ಲ.

"ಹೋದ್ವರ್ಷ ಓಡ್ಸಿದ್ಕೆ ನಮ್ಮಪ್ಪಂಗೆ ಹೆಣದ ಬಡಿತ ಬಡೀತೀಯೇನೋ?" ಎಂದು ಯಜಮಾನರ ಮಗ ತಾತನ ಬಲಗೈಯನ್ನು ಎಳೆದು ನನ್ನ ಮಿಕ್ಸರಿನ ಪಕ್ಕದ ಮೇಜಿನ ಮೇಲೆ ಒತ್ತಿದ. ಇನ್ನೊಬ್ಬ ಮೈಕ್ ಸ್ಟ್ಯಾಂಡನ್ನು ತಲೆಕೆಳಗಾಗಿ ಹಿಡಿದ. ಅದರ ಕೆಳಗಿನ ಕಬ್ಬಿಣದ ಗುಂಡು ತಳ ರೊಟ್ಟಿ ಹಂಚಿನಷ್ಟು ಅಗಲ ಇರುತ್ತದೆ.

"ನಾನು ಹಬ್ಬಕ್ಕೆ ಬಡ್ದಿದ್ದು ಸಾಮಿ," ಅಂದ ತಾತ. ಅವನ ಧ್ವನಿ ಏರಲಿಲ್ಲ. "ಹಬ್ಬದ್ದು ಬಡ್ದು ಮನೇಗ್ ಹೋದೆ. ಅದು ನಿಮ್ಮೂರಿಗ್ ಬರೋಷ್ಟ್ರಲ್ಲಿ ಹೆಣ ಆಗೋಗೈತೆ. ನಂಗೇನ್ ಗೊತ್ತು?"

"ಸುಳ್ ಬೊಗಳ್ತೀಯಾ?"

ಗುಂಡು ಮೇಲೆದ್ದಿತು. ನಾನು ನೆಲದಿಂದ ಕೂಗಿದೆ. ಬಾಯಲ್ಲಿ ರಕ್ತವಿತ್ತು, ಮಾತು ಗೊಳಗೊಳ ಅಂದಿತು. "ತೋರುಸ್ತೀನಿ! ಹೊಡೀಬೇಡಿ, ತೋರುಸ್ತೀನಿ! ಅವನು ಬಡ್ದಿದ್ದೇ ಬೇರೆ. ಸ್ಲೋ ಮಾಡು ಅಂದಿದ್ದು ನೀವು!"

ಅದಕ್ಕೆ ಇನ್ನೊಂದು ಬಿತ್ತು. ಆದರೂ ನನ್ನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ತಾತನ ಕೈ ಮೇಜಿನ ಮೇಲೆಯೇ ಇತ್ತು, ಗುಂಡು ಅದರ ಮೇಲೆ ತೂಗುತ್ತಿತ್ತು. ಕ್ಲಿಪ್ ತೆರೆದೆ. ಕೀಬೋರ್ಡಿನ ಮೇಲೆ ನನ್ನ ತುಟಿಯಿಂದ ತೊಟ್ಟಿಕ್ಕುತ್ತಿತ್ತು, ಒರೆಸಿ ಒರೆಸಿ ಒತ್ತಿದೆ. ವೇಗ ಏರಿಸಿದೆ: ಡಂಡಣಕ ಡಂಡಣಕ. "ಇದು ತಾತ ಬಡ್ದಿದ್ದು." ಇಳಿಸಿದೆ: ಡಣ್... ಡಣ್... ಡಂ. "ಇದು ನೀವು ಕೇಳಿದ್ದು."

ಯಜಮಾನರ ಮಗ ನನ್ನ ಮುಖ ನೋಡಿದ. "ಎರಡೂ ಒಂದೇ ಅಲ್ವೇನೋ? ಒಂದು ಫಾಸ್ಟು, ಒಂದು ಸ್ಲೋ."

ಅವನಿಗೆ ಗೊತ್ತಾಗಲಿಲ್ಲ. ಊರು ಸೈಟಾಗುವ ಹೊತ್ತಿಗೆ ಹುಟ್ಟಿದವನು. ಹಳೇ ಬಡಿತದಲ್ಲಿ ಹೆಣ ಹೊತ್ತದ್ದನ್ನು ಅವನು ಕೇಳಿಯೇ ಇರಲಿಲ್ಲ. ಅಪ್ಪ ಕಿರುಚಿದ್ದಕ್ಕೆ ಹೊಡೆಯಲು ಬಂದಿದ್ದ, ಅಷ್ಟೇ. ತಾತನೇ ಹೇಳಬೇಕಾಯಿತು.

"ಹಬ್ಬಕ್ಕೆ ಮೊದಲ ಪೆಟ್ಟು ಮಣ್ಣಿಗೆ ಸಾಮಿ, ಭೂಮ್ತಾಯಿ ಹೆಸ್ರಲ್ಲಿ. ಆಮೇಲೆ ಓಡುತ್ತೆ. ಹೆಣಕ್ಕೆ ಮೊದಲ ಪೆಟ್ಟು ಇಲ್ಲ, ಅದು ಹೋದೋನ್ದು. ಅವನ್ ಉಸಿರು ಅಂತ ಬಿಟ್ಬಿಡ್ತೀವಿ. ಎರಡನೇದ್ರಿಂದ ನಡೀತೀವಿ. ನಡೆಯೋಕೆ, ಹೊತ್ತೋರ್ ಕಾಲಿಗೆ ಸರಿಯಾಗಿ. ನಿಮ್ ಕಡೆ ಊರ್ಗಳಿಗೆಲ್ಲ ಹಂಗೇ ಬಡ್ದಿದೀನಿ. ನಿಮ್ ತಾತಂಗೂ ಬಡ್ದಿದೀನಿ."

ಕೆಮ್ಮಿನ ಜೊತೆ ಕತ್ತರಿಸಿ ಎಸೆದ ಪೆಟ್ಟು ಅದು. ನಾನು ಶುರುವಿನ ಗೆರೆಯನ್ನು ಹಿಂದಕ್ಕೆ ಎಳೆದೆ. ಕೆಮ್ಮು ಬಂತು, ಮೊದಲ ಪೆಟ್ಟು ಬಂತು, ಬಡಿತ ಓಡಿತು. ಮುಂದಕ್ಕೆ ಎಳೆದು ವೇಗ ಇಳಿಸಿದೆ, ಹೆಣ ಎದ್ದಿತು. ಮತ್ತೆ ಹಬ್ಬ. ಮತ್ತೆ ಹೆಣ. ಯಜಮಾನರ ಮಗ ಬಗ್ಗಿ ಸ್ಪೀಕರಿಗೆ ಕಿವಿ ಕೊಟ್ಟ. "ತಡಿ, ತಡಿ. ಇನ್ನೊಂದ್ಸಲ." ಮಾಡಿದೆ. ಅವನು ಬೆರಳಲ್ಲಿ ಮೇಜು ಕುಟ್ಟಿಕೊಂಡು ನೋಡಿದ. ಅವನ ಹುಬ್ಬು ಗಂಟಿಕ್ಕಿತು, ಆಮೇಲೆ ಮೆಲ್ಲಗೆ ಬಿಚ್ಚಿಕೊಂಡಿತು.

"ಹಂಗಾದ್ರೆ ಉಲ್ಟಾ ಮಾಡು," ಅಂದ.

"ಏನು?"

"ಉಲ್ಟಾ ಮಾಡೋ ಗುಂಡಿ ಐತಲ್ಲ, ಅವತ್ತು ತೋರ್ಸಿದ್ದೆ. ಹೆಣದ್ದು ಉಲ್ಟಾ ಮಾಡಿದ್ರೆ ಎತ್ತಿದ್ದು ಇಳೀತದೆ ಅಲ್ವಾ? ಅದನ್ನೇ ನಮ್ಮಪ್ಪಂಗೆ ಕೇಳಿಸ್ಬಿಡಾಣ."

ಅವನ ಜೊತೆಯವರು ಯಾರೂ ನಗಲಿಲ್ಲ. ನಾನು ಕ್ಲಿಪ್ಪನ್ನು ಹಿಂದುಮುಂದು ಮಾಡಿದೆ. ಸದ್ದು ಎಲ್ಲಿಂದಲೋ ಉಸಿರೆಳೆದುಕೊಂಡು ಬಂದು, ಉಬ್ಬಿ, ಕತ್ತು ಕತ್ತರಿಸಿದ ಹಾಗೆ ಟಕ್ಕನೆ ನಿಂತಿತು. ಮತ್ತೆ ಎಳೆದುಕೊಂಡಿತು. ಮತ್ತೆ ಟಕ್. ಕೋಣೆಯಲ್ಲಿದ್ದ ಎಲ್ಲರ ಮೈಮೇಲೂ ಕೂದಲೆದ್ದಿತು. "ನಿಲ್ಸು, ನಿಲ್ಸು, ಥೂ!" ಅಂದವನು ಅವನೇ.

ಮೊಬೈಲ್ ತೆಗೆದು ಅಪ್ಪನಿಗೆ ಫೋನು ಮಾಡಿದ. ನಮಗೆ ಅವನ ಮಾತಷ್ಟೇ ಕೇಳಿಸುತ್ತಿತ್ತು. "ಹೂಂ ಅಪ್ಪ... ಬೇಕಂತ ಮಾಡಿದ್ದಲ್ವಂತೆ... ಅದೇ ಮುದುಕ... ಹೂಂ." ಫೋನಿಟ್ಟು, "ಅಪಶಕುನಾನ ಬಡ್ದ ಕೈಯೇ ಬಿಡುಸ್ಬೇಕಂತೆ. ಅಪ್ಪನ ಮುಂದೆ ಬಡೀಬೇಕು. ಅಲ್ಲೀವರ್ಗೂ ಕೈ ಮುಟ್ಬೇಡಿ ಅಂದವ್ರೆ," ಎಂದು ಜೊತೆಯವನಿಗೆ ಸನ್ನೆ ಮಾಡಿದ. ಗುಂಡು ಕೆಳಗಿಳಿಯಿತು. ತಾತ ಕೈಯನ್ನು ಎದೆಗೆ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದ.

"ನೀನು ಬರ್ಬೇಡ," ಅಂದ ನನಗೆ.

ಆದರೂ ಹೊರಟೆ, ನನ್ನಿಂದ ಶುರುವಾದದ್ದು ಅಂತಲ್ಲ. ಬರಬೇಡ ಅಂದರೆ ನಾನು ಹೋಗುವವನೇ. ಹಲ್ಲುಗಳನ್ನು ಜೇಬಿಗೆ ಹಾಕಿಕೊಂಡು ಜೀಪು ಹತ್ತಿದೆ. ದಾರಿಯಲ್ಲಿ ಸಾಲು ಮನೆಯ ಹತ್ತಿರ ನಿಲ್ಲಿಸಿ ತಮಟೆ ತೆಗೆದುಕೊಂಡೆವು. ಇಂದಿರಾನಗರ ದಾಟುವಷ್ಟರಲ್ಲಿ, ಕಂಪ್ಯೂಟರು ಊಟ ಕೇಳಲ್ಲ ಎಂದು ಯಜಮಾನರ ಮಗ ಅಂದದ್ದನ್ನು ತಾತನ ಕಿವಿಯಲ್ಲಿ ಹೇಳಿದ್ದೆ. ಆಮೇಲೆ ತಾತ ನನ್ನ ಕಿವಿಯ ಹತ್ತಿರ ಹೇಳಿದ: "ಹೆಣದಲ್ಲೇ ಶುರು ಮಾಡ್ಬೇಕು ರಾಜಾ. ಎಲ್ಲಿಗೆ ಎತ್ತಿದ್ರೋ ಅಲ್ಲಿಂದ್ಲೇ ಇಳಿಸ್ಕೊಂಡ್ ಬರ್ಬೇಕು. ನಡೀತಾ ನಡೀತಾ ಓಡಿಸ್ಬೇಕು. ಕೊನೇಗೆ ಆ ಬಿಟ್ಟಿದ್ ಪೆಟ್ಟು ಮಣ್ಣಿಗ್ ಹಾಕಿದ್ರೆ ಆಯ್ತು."

"ಮೊದ್ಲೇ ಅವ್ರಿಗೆ ಹೇಳ್ಬಿಡು ತಾತ."

"ಯಜಮಾನಂಗೆ ಗೊತ್ತಿರುತ್ತೆ. ಹಳೇ ಮನುಷ್ಯ."

ಮನೆ ದೊಡ್ಡದು, ಮುಂದೆ ಗ್ರಾನೈಟು ಹಾಸಿದ ಅಂಗಳ. ಯಜಮಾನರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಸುಟ್ಟ ಪಾದಕ್ಕೆ ಬಟ್ಟೆ ಸುತ್ತಿತ್ತು. ಒಂದೇ ರಾತ್ರಿಯಲ್ಲಿ ಅವರ ಮುಖ ಒಣಗಿಹೋಗಿತ್ತು. ಹೆಂಗಸರು ಬಾಗಿಲ ಹಿಂದೆ ನಿಂತಿದ್ದರು. ತಾತ ಅಂಗಳದ ಮೂಲೆಯಲ್ಲಿ ಒಣಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಿದ. ಗೆಣ್ಣಿನಿಂದ ಕುಟ್ಟಿದ. ತಮಟೆಯನ್ನು ಭುಜಕ್ಕೆ ಹಾಕಿಕೊಂಡು ಯಜಮಾನರ ಮುಂದೆ ಬಂದು ನಿಂತ. ಯಜಮಾನರು ಕಣ್ಣು ಮುಚ್ಚಿ ಎರಡೂ ಕೈ ಮುಗಿದರು.

ತಾತ ಮೊದಲ ಪೆಟ್ಟನ್ನು ಗಾಳಿಗೆ ಬಿಟ್ಟ. ಕೋಲು ಚರ್ಮ ಮುಟ್ಟದೆ ಹೋಯಿತು. ಡಣ್... ಡಣ್... ಡಂ.

ಯಜಮಾನರ ರೆಪ್ಪೆ ಅದುರಿತು, ಆದರೆ ಕಣ್ಣು ತೆರೆಯಲಿಲ್ಲ. ಹೆಣದಿಂದಲೇ ಇಳಿಸಿಕೊಂಡು ಬರಬೇಕೆಂದು ಅವರಿಗೆ ಗೊತ್ತಿತ್ತು. ಬಾಗಿಲ ಹಿಂದಿನ ಹೆಂಗಸರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಮಗ ಒಬ್ಬನೇ, ಮತ್ತು ಅವನಿಗೆ ಹೆಣದ ಬಡಿತ ಯಾವುದೆಂದು ಆ ದಿನ ಬೆಳಿಗ್ಗೆಯಷ್ಟೇ ನಾನು ಕಲಿಸಿದ್ದೆ. ಹಿಂದಿನ ದಿನವಾಗಿದ್ದರೆ ಅವನಿಗೆ ಅದು ಬರೀ ಸ್ಲೋ. ಈಗ ಕೋಲು ಗಾಳಿಗೆ ಹೋದದ್ದನ್ನೂ ಕಂಡ, ಎರಡನೇ ಪೆಟ್ಟನ್ನೂ ಹಿಡಿದ. "ಮತ್ತೆ ಅದೇ ಬಡೀತವ್ನೆ! ನಮ್ಮಪ್ಪನ ಮುಂದೇನೇ ಹೆಣ ಎತ್ತುತವ್ನೆ!"

"ಇಲ್ಲ, ತಡೀರಿ!" ಎಂದು ನಾನು ಅವನ ಸೊಂಟ ಹಿಡಿದೆ. ಮೊಣಕೈ ಮೂಗಿಗೆ ಬಿತ್ತು. ಬೆಂಕಿ ಕೆದಕಲು ಇಟ್ಟಿದ್ದ ಕಬ್ಬಿಣದ ಸಲಾಕಿ ಅವನ ಕೈಗೆ ಸಿಕ್ಕಿತು. ತಾತ ಬಡಿಯುತ್ತಲೇ ಇದ್ದ. ವೇಗ ಏರತೊಡಗಿತ್ತು, ನಡಿಗೆ ಬಿಟ್ಟು ಓಟಕ್ಕೆ ಕಾಲು ಎತ್ತಿತ್ತು. ಇನ್ನೊಂದಿಷ್ಟು ಉಸಿರು ಸಿಕ್ಕಿದ್ದರೆ ದಾಟಿಬಿಡುತ್ತಿತ್ತು. ಸಲಾಕಿ ತಾತನ ಬಲಗೈಯ ಮೇಲೆ ಬಿತ್ತು. ಎತ್ತಿ ಮತ್ತೆ ಬಿತ್ತು. ಮೂಳೆಯ ಸದ್ದು ಹಸಿ ಕಡ್ಡಿ ಮುರಿದ ಹಾಗೆ ಸಣ್ಣದಾಗಿತ್ತು. ಆಮೇಲಿನ ಎರಡು ಏಟು ತಮಟೆಯ ಮೇಲೆ ಬಿದ್ದು ಚರ್ಮ ಹರಿಯಿತು. ಆ ಬೆರಳುಗಳು ಮುಂದೆ ಒಂದು ಲೋಟ ಹಿಡಿಯುವಷ್ಟೂ ಮಡಚಲಿಲ್ಲ.

ಬಡಿತ ನಿಂತಿತು.

ಯಜಮಾನರು ಕಣ್ಣು ತೆರೆದರು. ನೆಲದ ಮೇಲೆ ಕೂತ ತಾತನನ್ನೂ, ಸಲಾಕಿ ಹಿಡಿದು ಏದುಸಿರು ಬಿಡುತ್ತಿದ್ದ ಮಗನನ್ನೂ ನೋಡಿದರು. ಎದ್ದು ಸುಟ್ಟ ಕಾಲಲ್ಲೇ ಕುಂಟುತ್ತಾ ಬಂದು ಮಗನ ಕೆನ್ನೆಗೆ ಬಾರಿಸಿದರು. ಅವನು ತತ್ತರಿಸಿದ. ಮತ್ತೆ ಬಾರಿಸಿದರು. "ಮುಗ್ಸಕ್ ಬಿಡ್ಲಿಲ್ವಲ್ಲೋ! ನನ್ನ ಮಧ್ಯದಲ್ಲೇ ಬಿಟ್ಬಿಟ್ಯಲ್ಲೋ ಮುಂಡೇಮಗ್ನೆ!"

"ಅಪ್ಪ, ಅವ್ನು ಹೆಣದ್ದೇ..."

"ನಂಗ್ ಗೊತ್ತಿಲ್ವೇನೋ?" ಬಾಗಿಲ ಹಿಂದಿನಿಂದ ಒಬ್ಬಳು ಅತ್ತಳು. ಯಜಮಾನರು ಹೆಗಲ ಟವಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು ತಾತನ ಮುಂದೆ ಬಗ್ಗಿದರು. "ಎಡಗೈಲಾದ್ರೂ ಬಡಿಯಪ್ಪ. ಇನ್ನೊಂದ್ ತಮಟೆ ತರುಸ್ತೀನಿ. ಏನ್ ಬೇಕೋ ಕೇಳು. ಮುಗ್ಸ್ಬಿಡು."

ತಾತ ಮುರಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅವನ ಎಡಗೈಗೆ ಏನೂ ಆಗಿರಲಿಲ್ಲ. ಬಿದಿರ ಸೀಳು ಇನ್ನೂ ಅದರಲ್ಲೇ ಇತ್ತು. ಅವನು ಬೇಕೆಂದಿದ್ದರೆ ಮುಗಿಸಬಹುದಿತ್ತು. ನೆಲಕ್ಕೆ ಬಡಿದರೂ ಆಗುತ್ತಿತ್ತು. ಯಜಮಾನರ ಕಡೆ ತಲೆ ಎತ್ತಿದ.

"ಕಂಪ್ಯೂಟರ್ ಐತಲ್ಲ ಸಾಮಿ," ಅಂದ. "ಅದು ಊಟ ಕೇಳಲ್ವಂತೆ. ಅದಕ್ಕೇ ಹೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಯಜಮಾನರೂ ತಿರುಗಿದರು. ಅವರ ಕಣ್ಣಿನಲ್ಲಿದ್ದ ಆಸೆಯನ್ನು ನೋಡಲು ಆಗುತ್ತಿರಲಿಲ್ಲ. ಹೇಗೆ ಮಾಡುವುದು ಎಂದು ನನಗೆ ಗೊತ್ತಿತ್ತು. ಶುರುವಿನ ಗೆರೆ ಅಲ್ಲೇ ಬಿಟ್ಟು, ವೇಗವನ್ನು ಮೆಲ್ಲಗೆ ಏರಿಸುತ್ತಾ ಹೋಗಿ, ಕೊನೆಯಲ್ಲಿ ಆ ಕೆಮ್ಮಿನ ಪೆಟ್ಟನ್ನು ಜೋಡಿಸಿದರೆ ಸಾಕು; ಟೀ ಕುಡಿಯುವಷ್ಟರಲ್ಲಿ ಆಗುವ ಕೆಲಸ.

"ನೀನ್ ಮಾಡ್ತೀಯೇನಪ್ಪ?" ಅಂದರು ಯಜಮಾನರು.

"ಮಾಡಲ್ಲ," ಅಂದೆ.

"ಆಗಲ್ವೋ, ಮಾಡಲ್ವೋ?" ಎಂದು ಮಗ ಹತ್ತಿರ ಬಂದ.

"ಆಗುತ್ತೆ. ಮಾಡಲ್ಲ."

ಕಡಗ ಈ ಸಲ ಕಿವಿಗೆ ಬಿತ್ತು. ಎಡಗಡೆಯ ಲೋಕ ಒಂದು ಶಿಳ್ಳೆಯಾಗಿ ಮುಚ್ಚಿಕೊಂಡಿತು. ಬೀಳಲಿಲ್ಲ. ಎರಡನೇ ಏಟಿಗೆ ಅವನು ಕೈ ಎತ್ತಿದಾಗ ಅವನ ಅಪ್ಪನೇ ಹಿಡಿದುಕೊಂಡರು. ಹೊಡೆಯಬೇಡ ಎಂದಲ್ಲ, ನನ್ನ ಕೈ, ನನ್ನ ಕಿವಿ ಅವರಿಗೆ ಬೇಕಿತ್ತು.

ನನ್ನ ಅಂಗಿ ಬಿಚ್ಚಿ ತಾತನ ಕೈಗೆ ಸುತ್ತಿದೆ. ಅವನು ಹರಿದ ತಮಟೆಯನ್ನು ಅಲ್ಲೇ ಬಿಟ್ಟು, ನನ್ನ ಹೆಗಲು ಹಿಡಿದು ಎದ್ದ. ಗ್ರಾನೈಟಿನ ಮೇಲೆ ನಮ್ಮಿಬ್ಬರ ರಕ್ತ ಬೀಳುತ್ತಿತ್ತು. ಯಾರೂ ಅಡ್ಡ ಬರಲಿಲ್ಲ. ಗೇಟಿನ ತನಕ ಯಜಮಾನರು ಕುಂಟುತ್ತಾ ಹಿಂದೆ ಬಂದರು.

"ಮುಗ್ಸಿ ಹೋಗ್ರಪ್ಪಾ," ಅನ್ನುತ್ತಿದ್ದರು. "ಯಾರಾದ್ರೂ ಒಬ್ರು ಮುಗ್ಸಿ ಹೋಗ್ರಪ್ಪಾ."

ನನ್ನ ಬಲಗಿವಿಗೆ ಅದು ಕೇಳಿಸುತ್ತಿತ್ತು. ತಾತನಿಗೂ ಕೇಳಿಸಿರಬೇಕು. ಅವನು ಆಟೋಗೆ ಎಡಗೈ ಅಡ್ಡ ಹಿಡಿದ.